ಅಂಗಡಿಯಿಂದ ತಂದ ರೋಸ್ಟ್ ಚಿಕನ್ ಮರುದಿನ ನಾರಾಗುತ್ತದೆ: ತಪ್ಪು ಎತ್ತಿಡುವುದರಲ್ಲೋ, ಬಿಸಿ ಮಾಡುವುದರಲ್ಲೋ?

ರಾತ್ರಿಪಾಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಇರುವವರು ಇಬ್ಬರೇ. ಒಲೆ ಹಚ್ಚುವ ಚೈತನ್ಯ ಇಲ್ಲದ ದಿನ ಇಡಿಯಾಗಿ ರೋಸ್ಟ್ ಮಾಡಿದ ಕೋಳಿಯನ್ನು ಕಟ್ಟಿಸಿಕೊಂಡು ಬರುತ್ತೇವೆ. ಬಿಸಿ ಇರುವಾಗ ಅದರ ಬಗ್ಗೆ ದೂರೇ ಇಲ್ಲ. ಅರ್ಧ ಉಳಿಯುತ್ತದೆ, ಡಬ್ಬಿ ಸಮೇತ ಫ್ರಿಜ್‌ಗೆ ಹೋಗುತ್ತದೆ, ಮರುದಿನ ಮೈಕ್ರೋವೇವ್‌ನಿಂದ ಹೊರಬರುವುದು ಬೇರೆಯೇ ಪದಾರ್ಥ. ಎದೆಯ ಭಾಗವಂತೂ ಎಷ್ಟು ಅಗಿದರೂ ನೀರು ಕುಡಿಯದೆ ಗಂಟಲಲ್ಲಿ ಇಳಿಯುವುದಿಲ್ಲ. ಜೊತೆಗೆ ಒಂದು ತಂಗಳು ವಾಸನೆ. ಕೆಟ್ಟಿಲ್ಲ ಎಂದು ಗೊತ್ತಿದ್ದರೂ ಮೂಗು ಒಪ್ಪುವುದಿಲ್ಲ.

ಎಡವುತ್ತಿರುವುದು ಎಲ್ಲಿ? ಎತ್ತಿಡುವಾಗಲೋ, ಬಿಸಿ ಮಾಡುವಾಗಲೋ? "ಸಾಸ್ ಸುರಿದುಕೊಂಡು ತಿನ್ನಿ" ಎಂಬ ಉತ್ತರ ಮಾತ್ರ ದಯವಿಟ್ಟು ಬೇಡ.

ಪಾತ್ರೆತೊಳೆಯುವವನು

ಮೂರನೆಯವರೊಬ್ಬರನ್ನು ಊಟಕ್ಕೆ ಕರೆಯಿರಿ. ಸಮಸ್ಯೆ ಅಂದೇ ಮುಗಿಯುತ್ತದೆ. ಪಾತ್ರೆ ನಾನೇ ತೊಳೆದುಕೊಡುತ್ತೇನೆ.

ಹಳೆಬಾಣಲೆ

ರಾತ್ರಿಪಾಳಿಯವರೇ, ಎರಡರಲ್ಲೂ ಇದೆ. ಆದರೆ ಮುಕ್ಕಾಲು ಪಾಲು ಬಿಸಿ ಮಾಡುವುದರಲ್ಲಿ. ಈ ಕೋಳಿ ಅಂಗಡಿಯಲ್ಲೇ ಪೂರ್ತಿ ಬೆಂದಿದೆ. ಬೆಂದ ಮೇಲೂ ಬಿಸಿ ಪೆಟ್ಟಿಗೆಯಲ್ಲಿ ಬಹಳ ಹೊತ್ತು ಕುಳಿತಿದೆ. ಅದಕ್ಕೆ ಮತ್ತೆ ಜೋರು ಉರಿ ಕೊಟ್ಟರೆ ಬಿಸಿ ಮಾಡಿದ ಹಾಗಾಗುವುದಿಲ್ಲ, ಎರಡನೆಯ ಸಲ ಬೇಯಿಸಿದ ಹಾಗಾಗುತ್ತದೆ. ಮೈಕ್ರೋವೇವ್‌ನ ಮೂರು ನಿಮಿಷ ಎಂದರೆ ಅಷ್ಟು ತೆಳು ತುಂಡಿಗೆ ಅದು ಜೋರು ಉರಿಯೇ.

ಇನ್ನೊಂದು ವಿಷಯ. ಕೋಳಿ ಒಂದೇ ಇರಬಹುದು, ಅದರೊಳಗಿನ ಮಾಂಸ ಎರಡು ಬಗೆಯದು. ಎದೆಯಲ್ಲಿ ಕೊಬ್ಬು ಕಡಿಮೆ, ಕೊಲಾಜನ್ ಎನ್ನುವ ಅಂಟು ಪದಾರ್ಥವೂ ಕಡಿಮೆ. ಇರುವ ನೀರು ಹೋದರೆ ಅದರ ಜಾಗಕ್ಕೆ ಬರುವಂಥದ್ದು ಏನೂ ಇಲ್ಲ. ತೊಡೆ ಮತ್ತು ಕಾಲು ಹಾಗಲ್ಲ. ಅಲ್ಲಿ ಕೊಬ್ಬೂ ಇದೆ, ಕೊಲಾಜನ್ನೂ ಇದೆ. ಬಿಸಿ ಹೆಚ್ಚಾದರೆ ಆ ಕೊಲಾಜನ್ ಕರಗಿ ಜೆಲಾಟಿನ್ ಆಗಿ ಮಾಂಸವನ್ನು ಇನ್ನಷ್ಟು ಮೆತ್ತಗೆ ಮಾಡುತ್ತದೆ. ಎದೆಯನ್ನು ಹಾಳುಮಾಡುವ ಬಿಸಿ ತೊಡೆಗೆ ಒಳ್ಳೆಯದನ್ನೇ ಮಾಡುತ್ತದೆ. ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ಒಂದೇ ಗುಂಡಿ ಒತ್ತಿದರೆ ಯಾವುದಾದರೂ ಒಂದಕ್ಕೆ ಅನ್ಯಾಯವಾಗುವುದು ಖಂಡಿತ.

ನಾನು ಮಾಡುವುದು ಹೀಗೆ. ಆ ಹೊತ್ತಿಗೆ ತಿನ್ನುವುದನ್ನು ತೆಗೆದುಕೊಂಡು, ಉಳಿಯುವ ಭಾಗವನ್ನು ಬಿಸಿ ಆರುವ ಮೊದಲೇ ಮೂಳೆಯಿಂದ ಬಿಡಿಸುತ್ತೇನೆ. ಎದೆಯ ನಡುವೆ ಎದ್ದು ನಿಂತ ಮೂಳೆಯ ಪಕ್ಕಕ್ಕೆ ಚಾಕುವಿನ ತುದಿಯನ್ನು ಒತ್ತಿ ಕೆಳಕ್ಕೆ ಎಳೆದು, ಆ ಸೀಳಿಗೆ ಹೆಬ್ಬೆರಳು ತೂರಿಸಿ ಪಕ್ಕೆಲುಬಿನಗುಂಟ ಸರಿಸಿದರೆ ಎದೆಯ ಒಂದು ಪಾಲು ಇಡಿಯಾಗಿ ಕೈಗೆ ಬರುತ್ತದೆ. ಅದನ್ನು ಹೋಳು ಮಾಡುವುದಿಲ್ಲ, ಎಳೆಎಳೆಯಾಗಿ ಬಿಡಿಸುವುದೂ ಇಲ್ಲ. ಹಾಗೆಯೇ ಅಗಲ ಡಬ್ಬಿಯಲ್ಲಿ ಒಂದೇ ಪದರದಲ್ಲಿ ಇಟ್ಟು, ಅಂಗಡಿಯ ಡಬ್ಬಿಯ ತಳದಲ್ಲಿ ನಿಂತ ರಸವನ್ನೆಲ್ಲ ಅದರ ಮೇಲೆ ಸುರಿದು, ಗಾಳಿ ಆಡದಂತೆ ಪ್ಲಾಸ್ಟಿಕ್ ಹಾಳೆಯನ್ನು ಮಾಂಸಕ್ಕೆ ತಾಗುವ ಹಾಗೆಯೇ ಹೊದಿಸಿ, ಮೇಲೆ ಮುಚ್ಚಳ. ಕಾಲು ತೊಡೆಗಳಿಗೆ ಬೇರೆ ಡಬ್ಬಿ. ಅವು ಮೂಳೆಯ ಜೊತೆಯಲ್ಲೇ ಇರಲಿ.

ಅಂದ ಹಾಗೆ, ಕೋಳಿಯನ್ನು ಬೋರಲು ಹಾಕಿ ಬೆನ್ನಿನ ಇಕ್ಕೆಲಗಳಲ್ಲಿ, ತೊಡೆ ಸೇರುವಲ್ಲಿ ನೋಡಿ. ಸಣ್ಣ ಗುಳಿಯೊಳಗೆ ಒಂದೊಂದು ದುಂಡನೆಯ ತುಣುಕು ಅಡಗಿರುತ್ತದೆ. ಇಡೀ ಕೋಳಿಯಲ್ಲಿ ಅಷ್ಟು ರಸವತ್ತಾದ ಭಾಗ ಇನ್ನೊಂದಿಲ್ಲ. ಅದನ್ನು ಎತ್ತಿಡುವ ಪ್ರಶ್ನೆಯೇ ಇಲ್ಲ, ಬಿಡಿಸಿದವರ ಕೂಲಿ ಅದು.

ಅಳತೆಚಮಚ

ಹಳೆಬಾಣಲೆಯವರು ಹೇಳಿದ್ದಕ್ಕೆ ಸ್ವಲ್ಪ ಅಂಕಿಗಳನ್ನು ಸೇರಿಸುತ್ತೇನೆ. ಮಾಂಸದೊಳಗಿನ ಪ್ರೋಟೀನ್‌ಗಳು ಎಲ್ಲವೂ ಒಂದೇ ಬಿಸಿಗೆ ಗಟ್ಟಿಯಾಗುವುದಿಲ್ಲ. ಮಯೋಸಿನ್ ಎಂಬುದು ಸುಮಾರು 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ರೂಪ ಬದಲಿಸಲು ಆರಂಭಿಸುತ್ತದೆ. ಆಕ್ಟಿನ್ ಎಂಬುದು 65 ದಾಟಿದ ಮೇಲೆ. ಆಗ ಎಳೆಗಳು ಕುಗ್ಗಿ, ಒದ್ದೆ ಬಟ್ಟೆಯನ್ನು ಹಿಂಡಿದ ಹಾಗೆ ನೀರನ್ನು ಹೊರಕ್ಕೆ ದೂಡುತ್ತವೆ. ಬಿಸಿ ಏರಿದಷ್ಟೂ ಈ ಹಿಂಡುವಿಕೆ ಹೆಚ್ಚು. ಹಾಗೆ ಹೊರಬಿದ್ದ ನೀರು ಮತ್ತೆ ಎಳೆಯೊಳಕ್ಕೆ ಹೋಗುವುದಿಲ್ಲ, ಮೇಲೆ ಎಷ್ಟು ರಸ ಸುರಿದರೂ ಅಷ್ಟೇ.

ಆದ್ದರಿಂದ ಎಲ್ಲಿಗೆ ನಿಲ್ಲಿಸಬೇಕು ಎಂಬುದೇ ಮುಖ್ಯ. ಉಳಿದ ಕೋಳಿ ಮಾಂಸವನ್ನು ಬಿಸಿ ಮಾಡುವಾಗ ತುಂಡಿನ ನಡುಭಾಗ 74 ಡಿಗ್ರಿ ಮುಟ್ಟಬೇಕು. ಆಹಾರ ಸುರಕ್ಷತೆಯ ಲೆಕ್ಕ ಅದು, ಅದರಲ್ಲಿ ಚೌಕಾಸಿ ಬೇಡ. ಆದರೆ 74 ಸಾಕು. 90ಕ್ಕೆ ಹೋಗಬೇಕಾದ ಅಗತ್ಯವಿಲ್ಲ. ಅಂಗಡಿಯಲ್ಲೇ ಮಾಂಸ ಒಮ್ಮೆ ಆ ಬಿಸಿಯನ್ನು ಕಂಡು ಬಂದಿರುವುದರಿಂದ ಅಲ್ಲಿಯೇ ನಿಲ್ಲಿಸಿದರೆ ಹೊಸದಾಗಿ ಕಳೆದುಕೊಳ್ಳುವುದು ಅಷ್ಟೇನಿಲ್ಲ. ಮಾಂಸಕ್ಕೆ ಚುಚ್ಚಿ ನೋಡುವ ಥರ್ಮಾಮೀಟರ್ ಒಂದು ಇದ್ದರೆ ಈ ಚರ್ಚೆಯ ಅರ್ಧ ಭಾಗ ಬೇಕಾಗುವುದಿಲ್ಲ.

ರಾತ್ರಿಪಾಳಿ

ಇಬ್ಬರಿಗೂ ಧನ್ಯವಾದ. ಡಬ್ಬಿಯ ತಳದ ರಸ ಎಂದಿರಿ. ಮರುದಿನ ಅಲ್ಲಿ ಕಂದು ಬಣ್ಣದ, ಮುಟ್ಟಿದರೆ ಅಲುಗಾಡುವ ಜೆಲ್ಲಿ ಕಾಣಿಸುತ್ತದೆ, ಅದರ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿದ ಪದರ. ಇದೇ ತಾನೇ?

ಉಪ್ಪಿನಡಬ್ಬಿ

ಅದೇ. ದಯವಿಟ್ಟು ಅದನ್ನು ಸಿಂಕಿಗೆ ಸುರಿಯಬೇಡಿ. ಬಿಳಿ ಪದರ ಕೊಬ್ಬು, ಕೆಳಗಿನ ಕಂದು ಜೆಲ್ಲಿ ಜೆಲಾಟಿನ್ ಮತ್ತು ಮಾಂಸದಿಂದ ಇಳಿದ ರಸ. ಮೇಲೆ ಅಳತೆಚಮಚದವರು ಹೇಳಿದ್ದು ಸರಿ, ಕಳೆದ ನೀರು ಎಳೆಯೊಳಕ್ಕೆ ಮರಳುವುದಿಲ್ಲ. ಆದರೆ ಬಾಯಿಗೆ ಅದು ಗೊತ್ತಾಗಬೇಕೆಂದೇನೂ ಇಲ್ಲ! ಮಾಂಸ ರಸವತ್ತಾಗಿದೆ ಎಂದು ನಮಗೆ ಅನ್ನಿಸುವುದು ಬರೀ ನೀರಿನಿಂದಲ್ಲ. ಮೊದಲ ಕಚ್ಚಿಗೆ ಹೊರಬರುವ ರಸ ಒಂದು, ಆಮೇಲೆ ಕೊಬ್ಬು ಬಾಯಲ್ಲಿ ಹರಡಿ ಊರುವ ಜೊಲ್ಲು ಇನ್ನೊಂದು. ಜೆಲಾಟಿನ್ ಎಳೆಗಳ ನಡುವೆ ನಿಂತು ನುಣುಪು ಕೊಡುತ್ತದೆ. ಬರೀ ನೀರು ಹಾಕಿ ಬಿಸಿ ಮಾಡಿದ ಎದೆ ಮಾಂಸಕ್ಕೂ ಇದೇ ಜೆಲ್ಲಿ ಕರಗಿಸಿ ಅದರಲ್ಲಿ ಹೊರಳಿಸಿದ್ದಕ್ಕೂ ಒಂದೇ ತುತ್ತಿಗೆ ವ್ಯತ್ಯಾಸ ತಿಳಿಯುತ್ತದೆ.

ನಿಂಬೆ ರಸದ ಕೆಲಸವೂ ಇದೇ ಜಾತಿಯದು. ಹುಳಿ ಬಾಯಲ್ಲಿ ನೀರೂರಿಸುತ್ತದೆ, ಒಣ ಮಾಂಸವೂ ಕಡಿಮೆ ಒಣಗಿದಂತೆ ತೋರುತ್ತದೆ. ತಿನ್ನುವ ಹೊತ್ತಿಗೆ ಹಿಂಡಬೇಕು.

ಉಪ್ಪಿನ ಬಗ್ಗೆ ಒಂದು ಎಚ್ಚರಿಕೆ. ಅಂಗಡಿಯ ರೋಸ್ಟ್ ಕೋಳಿಗಳಲ್ಲಿ ಎಷ್ಟೋ ಬೇಯಿಸುವ ಮೊದಲೇ ಉಪ್ಪುನೀರಿನ ಚುಚ್ಚುಮದ್ದು ತೆಗೆದುಕೊಂಡಿರುತ್ತವೆ. ಉಪ್ಪು, ಸಕ್ಕರೆ, ಫಾಸ್ಫೇಟ್ ಕಲಸಿದ ನೀರನ್ನು ಸೂಜಿಗಳಿಂದ ಮಾಂಸದೊಳಕ್ಕೆ ಹಾಯಿಸುತ್ತಾರೆ. ಮನೆಯಲ್ಲಿ ರೋಸ್ಟ್ ಮಾಡಿದ್ದಕ್ಕಿಂತ ಅಂಗಡಿಯದು ತಂದ ದಿನ ಮೆತ್ತಗಿರುವುದಕ್ಕೆ ಇದೂ ಒಂದು ಕಾರಣ. ಚೀಟಿಯಲ್ಲಿ ಪದಾರ್ಥಗಳ ಪಟ್ಟಿ ಇದ್ದರೆ ಓದಿ. ಹಾಗಿರುವಾಗ ಡಬ್ಬಿಯ ತಳದ ರಸವೂ ಉಪ್ಪುಪ್ಪಾಗಿಯೇ ಇರುತ್ತದೆ. ಮೊದಲು ನಾಲಿಗೆಗೆ ಹಚ್ಚಿ ನೋಡಿ, ಆಮೇಲೆ ಉಪ್ಪಿನ ಡಬ್ಬಿಗೆ ಕೈ ಹಾಕಿ. (ಹೆಸರು ಉಪ್ಪಿನಡಬ್ಬಿ ಎಂದಿಟ್ಟುಕೊಂಡು ನಾನೇ ಹೀಗೆ ಹೇಳಬೇಕಾಗಿ ಬಂದಿದೆ.)

ಒಲೆಬದಿ

ಹಳೆಬಾಣಲೆಯವರ ಮಾತಿಗೆ ನನ್ನ ತಕರಾರಿದೆ. ಬಿಸಿ ಇರುವಾಗಲೇ ಮಾಂಸ ಬಿಡಿಸಿದರೆ ಹಬೆಯ ರೂಪದಲ್ಲಿ ಎಷ್ಟೊಂದು ತೇವ ಹೋಗುತ್ತದೆ! ಕೊಯ್ದ ಮುಖಗಳೆಲ್ಲ ಗಾಳಿಗೆ ತೆರೆದುಕೊಳ್ಳುತ್ತವೆ. ಇಡೀ ಕೋಳಿಯನ್ನು ಚರ್ಮ, ಮೂಳೆ ಸಮೇತ ಸುತ್ತಿ ಫ್ರಿಜ್‌ನಲ್ಲಿಟ್ಟರೆ ಚರ್ಮವೇ ಹೊದಿಕೆ. ಬೇಕಾದಾಗ ಬೇಕಾದಷ್ಟು ಕೊಯ್ದುಕೊಳ್ಳಬಹುದು. ತಣ್ಣಗಿರುವ ಎದೆ ಮಾಂಸ ಚಾಕುವಿಗೆ ಎಷ್ಟು ಅಚ್ಚುಕಟ್ಟಾಗಿ ಹೋಳಾಗುತ್ತದೆ ಎಂಬುದನ್ನು ನೋಡಿದವರಿಗೇ ಗೊತ್ತು. ಬಿಸಿ ಇರುವಾಗ ಕೊಯ್ದರೆ ಪುಡಿಪುಡಿ.

ಹಳೆಬಾಣಲೆ

ಒಲೆಬದಿಯವರೇ, ಹೋಳಿನ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಅದಕ್ಕೇ ನಾನು ಎದೆಯನ್ನು ಇಡಿಯಾಗಿ ತೆಗೆದು, ಹೋಳು ಮಾಡುವುದನ್ನು ಮರುದಿನಕ್ಕೆ ಬಿಡುವುದು. ಆದರೆ ಇಡೀ ಕೋಳಿ ಫ್ರಿಜ್‌ನಲ್ಲಿ ತಣ್ಣಗಾದ ಮೇಲೆ ಮೂಳೆಗೆ ಅಂಟಿದ ಮಾಂಸ ಬಿಡುವುದಿಲ್ಲ, ಕಾಲು ಭಾಗ ಮೂಳೆಯಲ್ಲೇ ಉಳಿಯುತ್ತದೆ. ಹಬೆಯ ಹೆದರಿಕೆಗೆ ಮದ್ದು ಬೇಗ ಬಿಡಿಸಿ ಬೇಗ ಮುಚ್ಚುವುದು. ತಟ್ಟೆಯಲ್ಲಿ ಹರಡಿಟ್ಟು ಫೋನಿನಲ್ಲಿ ಮಾತಿಗೆ ನಿಂತರೆ ನೀವು ಹೇಳಿದ ಹಾಗೆಯೇ ಆಗುತ್ತದೆ.

ಅಳತೆಚಮಚ

ಇಬ್ಬರ ಜಗಳದ ನಡುವೆ ಗಡಿಯಾರ ಮರೆತುಹೋಗಬಾರದು. ಬೇಯಿಸಿದ ಮಾಂಸ 4ರಿಂದ 60 ಡಿಗ್ರಿ ನಡುವೆ ಹೆಚ್ಚು ಹೊತ್ತು ಇರಕೂಡದು. ಬಿಸಿ ಪೆಟ್ಟಿಗೆಯಿಂದ ಹೊರಬಂದ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ದಾರಿಯಲ್ಲಿ ಕಳೆದ ಹೊತ್ತೂ ಈ ಲೆಕ್ಕಕ್ಕೇ ಸೇರುತ್ತದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ನಿಧಾನವಾಗಿ ಆರುವ ದಪ್ಪ ಮಾಂಸವೇ ಅವುಗಳಿಗೆ ಹೇಳಿ ಮಾಡಿಸಿದ ಜಾಗ. ಇಡೀ ಕೋಳಿಯ ಒಡಲು ಫ್ರಿಜ್‌ನಲ್ಲೂ ತಣ್ಣಗಾಗುವುದು ಬಹಳ ನಿಧಾನ. ಹಾಗಾಗಿ ಈ ವಾದದಲ್ಲಿ ನಾನು ಹಳೆಬಾಣಲೆಯವರ ಕಡೆ. ಆಳ ಕಡಿಮೆ ಇರುವ ಅಗಲ ಡಬ್ಬಿ, ಮಾಂಸದ ದಪ್ಪ 5 ಸೆಂಟಿಮೀಟರ್ ಮೀರದಿರಲಿ. ಫ್ರಿಜ್ 4 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ. ಮೂರು ನಾಲ್ಕು ದಿನಗಳಲ್ಲಿ ತಿಂದು ಮುಗಿಸಬೇಕು.

ಮೂಸಿ ನೋಡಿ ತೀರ್ಮಾನಿಸುವವರಿಗೆ ಇನ್ನೊಂದು ಮಾತು. ಹೊರಗೆ ಬಿಟ್ಟ ಮಾಂಸದಲ್ಲಿ ಸ್ಟೆಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ಉಂಟುಮಾಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ಅದಕ್ಕೆ ವಾಸನೆಯೂ ಇರುವುದಿಲ್ಲ. ಕುದಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಬಿಡಿ.

ಒಲೆಬದಿ

ಒಡಲಿನ ವಿಷಯ ಸರಿ. ಇಡಿಯಾಗಿ ಇಡುವವರು ಕನಿಷ್ಠ ಎರಡು ಹೋಳಾಗಿ ಸೀಳಿಯಾದರೂ ಇಡಲಿ. ಎದೆಗೆ ಚರ್ಮದ ಹೊದಿಕೆ ಬೇಕು ಎಂಬ ನನ್ನ ಹಟ ಮಾತ್ರ ಹಾಗೆಯೇ ಇದೆ.

ಗರಿಗರಿ

ಚರ್ಮದ ವಿಷಯ ಬಂತಲ್ಲ, ಅದಕ್ಕೇ ಬಾಯಿ ಹಾಕುತ್ತಿದ್ದೇನೆ. ಎದೆಗೆ ಹೊದಿಕೆಯಾಗಿ ಇರಲಿ, ಬೇಡ ಎನ್ನುವುದಿಲ್ಲ. ಆದರೆ ಬಿಸಿ ಮಾಡುವ ಮೊದಲು ತೆಗೆದುಬಿಡಿ. ಮಾಂಸಕ್ಕೆ ತೇವ ಬೇಕು, ಚರ್ಮಕ್ಕೆ ತೇವವೇ ಶತ್ರು. ಒಂದೇ ಪಾತ್ರೆಯಲ್ಲಿ ಎರಡನ್ನೂ ಒಲಿಸಿಕೊಳ್ಳಲು ಹೋದರೆ ಚರ್ಮ ರಬ್ಬರಿನಂತಾಗಿ ಹಲ್ಲಿಗೆ ಸುತ್ತಿಕೊಳ್ಳುತ್ತದೆ. ತೆಗೆದ ಚರ್ಮವನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ, ತಣ್ಣನೆಯ ಬಾಣಲೆಯಲ್ಲಿ ಚಪ್ಪಟೆಯಾಗಿ ಹರಡಿ, ಆಮೇಲೆ ಸಣ್ಣ ಉರಿ ಹಚ್ಚಬೇಕು. ಎಣ್ಣೆ ಬೇಡ, ಅದರದೇ ಕೊಬ್ಬು ನಿಧಾನವಾಗಿ ಬಿಡುತ್ತದೆ. ಚಟಪಟ ಸದ್ದು ಕಡಿಮೆಯಾದಾಗ ತಿರುವಿ ಹಾಕಿ. ಸದ್ದು ನಿಲ್ಲುತ್ತಾ ಬಂತೆಂದರೆ ನೀರಿನಂಶ ಹೋಗಿದೆ ಎಂದರ್ಥ. ಕಾಗದದ ಮೇಲೆ ಹಾಕಿ ಆರಿದ ಮೇಲೆ ಮುರಿದು ಮಾಂಸದ ಮೇಲೆ ಉದುರಿಸಿ. ಮೆತ್ತನೆಯ ಮಾಂಸದ ಜೊತೆ ಗರಿಗರಿ ಚೂರು ಸಿಕ್ಕರೆ ಹಿಂದಿನ ದಿನದ ಅಡುಗೆ ಎಂದು ಯಾರೂ ಹೇಳುವುದಿಲ್ಲ.

ಬಾಣಲೆಯಲ್ಲಿ ಉಳಿದ ಕೊಬ್ಬಿನಲ್ಲಿ ಜಜ್ಜಿದ ಬೆಳ್ಳುಳ್ಳಿ ಎರಡು ಎಸಳು ಬಾಡಿಸಿ, ಆ ಜೆಲ್ಲಿಯನ್ನು ಅದಕ್ಕೆ ಹಾಕಿ ಕರಗಿಸಿ. ಸಾಸ್ ಬೇಡ ಎಂದವರಿಗೆ ಇದು ಸಾಸ್ ಅಲ್ಲ ಎಂದು ನಾನು ಪ್ರಮಾಣ ಮಾಡಬಲ್ಲೆ.

ರಾತ್ರಿಪಾಳಿ

ಪ್ರಮಾಣ ಸ್ವೀಕರಿಸಿದ್ದೇನೆ. ಈಗ ಬಿಸಿ ಮಾಡುವ ಕ್ರಮವನ್ನು ಯಾರಾದರೂ ಬಿಡಿಸಿ ಹೇಳುತ್ತೀರಾ? ಕೆಲಸದ ಜಾಗದಲ್ಲಿ ಮೈಕ್ರೋವೇವ್ ಒಂದೇ ಇರುವುದು. ಮನೆಯಲ್ಲಿ ಓವನ್ ಇದೆ, ಒಲೆ ಇದೆ.

ಹಳೆಬಾಣಲೆ

ಒಲೆಯೇ ನನಗೆ ಇಷ್ಟ, ಕಣ್ಣೆದುರಿಗೆ ಇರುತ್ತದೆ ಎಂಬ ಕಾರಣಕ್ಕೆ. ಅಗಲ ಬಾಣಲೆಯಲ್ಲಿ ಜೆಲ್ಲಿಯ ಜೊತೆ ನಾಲ್ಕು ಚಮಚ ನೀರೋ ಮೂಳೆ ರಸವೋ ಹಾಕಿ ಕುದಿ ಬರಿಸಿ. ಉರಿ ತಗ್ಗಿಸಿ ಕಾಲು, ತೊಡೆಗಳನ್ನು ಮೊದಲು ಇಟ್ಟು ಮುಚ್ಚಳ ಮುಚ್ಚಿ. ಅವು ಒಳಗಿನವರೆಗೂ ಬಿಸಿಯಾಗುವ ಹೊತ್ತಿಗೆ ತಣ್ಣನೆಯ ಎದೆ ಮಾಂಸವನ್ನು ಬೆರಳು ದಪ್ಪಕ್ಕೆ ಹೋಳು ಮಾಡಿಕೊಳ್ಳಿ. ಎಳೆಗಳು ಯಾವ ದಿಕ್ಕಿಗೆ ಓಡುತ್ತವೆ ಎಂದು ನೋಡಿ, ಅದಕ್ಕೆ ಅಡ್ಡಲಾಗಿ ಕೊಯ್ಯಬೇಕು. ಉದ್ದಕ್ಕೆ ಕೊಯ್ದರೆ ಉದ್ದುದ್ದ ಎಳೆಗಳನ್ನು ನಿಮ್ಮ ಹಲ್ಲೇ ತುಂಡು ಮಾಡಬೇಕಾಗುತ್ತದೆ, ಇರುವುದಕ್ಕಿಂತ ಹೆಚ್ಚು ನಾರೆನಿಸುತ್ತದೆ. ಹೋಳುಗಳನ್ನು ಕೊನೆಯಲ್ಲಿ ರಸದೊಳಕ್ಕೆ ಇಳಿಸಿ, ಒಮ್ಮೆ ಮಗುಚಿ, ಮುಚ್ಚಿ. ರಸ ಕುದಿಯಬಾರದು, ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಿರಬೇಕು. ತೆಳು ಹೋಳು ಬಿಸಿಯಾಗಲು ಹೆಚ್ಚು ಹೊತ್ತು ಬೇಡ. ಥರ್ಮಾಮೀಟರ್ ಇದ್ದರೆ 74 ನೋಡಿದ ಕೂಡಲೇ ಒಲೆ ಆರಿಸಿ.

ಓವನ್ ಬಳಸುವುದಾದರೆ ದೊಡ್ಡ ಭಾಗಗಳಿಗೆ ಮಾತ್ರ. 165ರಿಂದ 175 ಡಿಗ್ರಿ, ತಳದಲ್ಲಿ ಸ್ವಲ್ಪ ರಸ, ಮೇಲೆ ಫಾಯಿಲ್ ಬಿಗಿಯಾಗಿ. ಅದಕ್ಕಿಂತ ತಗ್ಗಿಸಿದರೆ ಮಾಂಸ ಹೆಚ್ಚು ಮೆತ್ತಗಾಗುತ್ತದೆ ಎಂದು ಕೆಲವರು ಹೇಳುತ್ತಾರೆ, ಆದರೆ ಬೆಚ್ಚಗೆ ಇರುವ ಹೊತ್ತು ಬೆಳೆಯುತ್ತದೆ, ಅದು ಬೇಡ. ನಿಧಾನವಾಗಿ ಬೇಯಿಸುವ ವಿದ್ಯುತ್ ಪಾತ್ರೆಯಲ್ಲಿ ತಣ್ಣನೆಯ ಮಾಂಸವನ್ನು ಬಿಸಿಗೆ ಇಡುವುದೂ ಅದೇ ಕಾರಣಕ್ಕೆ ಸಲ್ಲದು.

ಅಳತೆಚಮಚ

ಮೈಕ್ರೋವೇವ್ ನನ್ನ ಪಾಲಿಗೆ ಬಿಡಿ. ಅದರ ಬಿಸಿ ಸಮವಾಗಿ ಹರಡುವುದಿಲ್ಲ. ಅಂಚು ಕುದಿಯುತ್ತಿದ್ದರೂ ನಡುವೆ ತಣ್ಣಗೇ ಇರಬಹುದು. ನಡುವಿನದು ಬಿಸಿಯಾಗಲಿ ಎಂದು ಕಾಯುವಷ್ಟರಲ್ಲಿ ಅಂಚು ಕಾಷ್ಠ. ಉಪಾಯ ಇಷ್ಟೇ: ಶಕ್ತಿಯನ್ನು ಅರ್ಧಕ್ಕೆ ಇಳಿಸಿ. ಹಾಗೆ ಮಾಡಿದಾಗ ಬಹುಪಾಲು ಯಂತ್ರಗಳು ಬಿಟ್ಟು ಬಿಟ್ಟು ಕೆಲಸ ಮಾಡುತ್ತವೆ, ಬಿಟ್ಟ ಹೊತ್ತಿನಲ್ಲಿ ಬಿಸಿ ಅಂಚಿನಿಂದ ಒಳಕ್ಕೆ ಸರಿಯುತ್ತದೆ. ತುಂಡುಗಳನ್ನು ತಟ್ಟೆಯ ನಡುವೆ ಗುಡ್ಡೆ ಹಾಕದೆ ಸುತ್ತಲೂ ಇಟ್ಟು, ಎರಡು ಚಮಚ ರಸ ಹಾಕಿ, ಒದ್ದೆ ಕಾಗದದ ಟವೆಲ್ ಮುಚ್ಚಿ. ಒಂದೊಂದು ನಿಮಿಷಕ್ಕೆ ನಿಲ್ಲಿಸಿ ತಿರುವಿ. ಮುಗಿದ ಮೇಲೂ ಮುಚ್ಚಿದಂತೆಯೇ ಎರಡು ನಿಮಿಷ ಬಿಡಿ. ತಿರುವುವುದಕ್ಕೆ ಬೇಸರ ಎನ್ನುವವರಿಗೆ ಕೆಳಗೆ ಬೇರೆ ದಾರಿ ಯಾರಾದರೂ ಹೇಳುತ್ತಾರೆ.

ತಣ್ಣನೆತುತ್ತು

ಹೇಳುತ್ತೇನೆ. ಬಿಸಿಯನ್ನೇ ಮಾಡಬೇಡಿ.

ಇಷ್ಟು ಹೊತ್ತು ಎಲ್ಲರೂ ಎದೆ ಮಾಂಸವನ್ನು ಎರಡನೆಯ ಬಿಸಿಯಿಂದ ಕಾಪಾಡುವುದು ಹೇಗೆ ಎಂದು ಬರೆದಿರಿ. ಆ ಬಿಸಿ ಬೇಕೇ ಎಂದು ಯಾರೂ ಕೇಳಲಿಲ್ಲ. ಸರಿಯಾದ ಹೊತ್ತಿಗೆ ಫ್ರಿಜ್ ಸೇರಿದ, ಪೂರ್ತಿ ಬೆಂದ ಮಾಂಸವನ್ನು ತಣ್ಣಗೆ ತಿನ್ನಲು ಏನೂ ಅಡ್ಡಿಯಿಲ್ಲ. ತಣ್ಣನೆಯ ಪದಾರ್ಥದಲ್ಲಿ ನಾಲಿಗೆಗೆ ರುಚಿ ಮಂದ, ಆದ್ದರಿಂದ ಹುಳಿ, ಖಾರ ಒಂದು ಕೈ ಮುಂದಿರಲಿ. ಎಳೆಗೆ ಅಡ್ಡಲಾಗಿ ತೆಳ್ಳಗೆ ಹೆಚ್ಚಿ, ಗಟ್ಟಿ ಮೊಸರಿಗೆ ನಿಂಬೆ, ಕಾಳುಮೆಣಸು, ಸಣ್ಣಗೆ ಹೆಚ್ಚಿದ ಈರುಳ್ಳಿ, ಒಂದು ಚಮಚ ಎಣ್ಣೆ ಸೇರಿಸಿ ಅದರಲ್ಲಿ ಕಲಸಿಡಿ. ಬ್ರೆಡ್ಡಿನ ನಡುವೆಯೂ ಆಗುತ್ತದೆ, ಸೊಪ್ಪು ತರಕಾರಿಗಳ ಜೊತೆಯೂ ಆಗುತ್ತದೆ. ರಾತ್ರಿಪಾಳಿಯವರ ಕೆಲಸದ ಜಾಗದಲ್ಲಿ ಫ್ರಿಜ್ ಇದ್ದರೆ ಇದಕ್ಕಿಂತ ಸುಲಭ ಬೇರೆ ಇಲ್ಲ. ತೊಡೆ ಮಾಂಸ ಮಾತ್ರ ತಣ್ಣಗೆ ಅಷ್ಟು ಚೆನ್ನಲ್ಲ, ಕೊಬ್ಬು ಅಂಗುಳಕ್ಕೆ ಅಂಟುತ್ತದೆ. ಅದನ್ನು ಬಿಸಿ ಮಾಡಿ, ಎದೆಯನ್ನು ಬಿಡಿ.

ಮೂಗುದಾರ

ಎಲ್ಲರೂ ತೇವದ ಹಿಂದೆ ಬಿದ್ದಿರಿ. ಆ ತಂಗಳು ವಾಸನೆಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ತಣ್ಣನೆತುತ್ತಿನವರ ದಾರಿಯಲ್ಲಿ ಅದೂ ಅರ್ಧ ಬಗೆಹರಿಯುತ್ತದೆ, ಏಕೆಂದರೆ ಆ ವಾಸನೆ ಎದ್ದು ಕಾಣುವುದು ಮತ್ತೆ ಬಿಸಿ ಮಾಡಿದಾಗ.

ಇದು ಕೆಟ್ಟ ಮಾಂಸದ ವಾಸನೆಯಲ್ಲ, ಹಳೆಯ ಎಣ್ಣೆಯ ಕಮಟಿನ ಹತ್ತಿರದ ಸಂಬಂಧಿ. ಕೋಳಿಯ ಕೊಬ್ಬಿನಲ್ಲಿ, ಅದರಲ್ಲೂ ಜೀವಕೋಶಗಳ ಪೊರೆಯಲ್ಲಿರುವ ಕೊಬ್ಬಿನಲ್ಲಿ, ಅಪರ್ಯಾಪ್ತ ಕೊಬ್ಬಿನಾಮ್ಲಗಳು ಹೆಚ್ಚು. ಅವು ಆಮ್ಲಜನಕದೊಂದಿಗೆ ಬೇಗ ವರ್ತಿಸುತ್ತವೆ. ಬೇಯಿಸಿದಾಗ ಪೊರೆಗಳು ಒಡೆಯುತ್ತವೆ, ಮಾಂಸದ ಬಣ್ಣಕ್ಕೆ ಕಾರಣವಾದ ಪದಾರ್ಥದಿಂದ ಕಬ್ಬಿಣ ಬಿಡುಗಡೆಯಾಗುತ್ತದೆ, ಆ ಕಬ್ಬಿಣ ಈ ಕ್ರಿಯೆಗೆ ಕುಮ್ಮಕ್ಕು ಕೊಡುತ್ತದೆ. ಹೆಕ್ಸನಾಲ್ ಮುಂತಾದ ವಾಸನೆಯ ಅಣುಗಳು ಹುಟ್ಟುತ್ತವೆ. ಫ್ರಿಜ್‌ನಲ್ಲಿ ಒಂದೆರಡು ದಿನದಲ್ಲೇ ಇದು ಗೊತ್ತಾಗುತ್ತದೆ. ಟಿಮ್ಸ್ ಮತ್ತು ವಾಟ್ಸ್ ಎಂಬ ಸಂಶೋಧಕರು ಇದರ ಬಗ್ಗೆ 1958ರಲ್ಲೇ ಬರೆದಿದ್ದಾರೆ. ಫಾಸ್ಫೇಟ್ ಇದನ್ನು ತಡೆಯುತ್ತದೆ ಎಂಬುದೂ ಅದರಲ್ಲೇ ಇತ್ತು. ಉಪ್ಪಿನಡಬ್ಬಿಯವರು ಹೇಳಿದ ಚುಚ್ಚುಮದ್ದಿಗೆ ಹಾಗಾಗಿ ಎರಡು ಕೆಲಸ: ನೀರನ್ನು ಹಿಡಿದಿಡುವುದು, ಆ ಕಬ್ಬಿಣವನ್ನು ಕಟ್ಟಿಹಾಕುವುದು.

ನಾವು ಮನೆಯಲ್ಲಿ ಮಾಡಬಹುದಾದದ್ದು ಗಾಳಿಯನ್ನು ದೂರವಿಡುವುದು. ಹಳೆಬಾಣಲೆಯವರು ಪ್ಲಾಸ್ಟಿಕ್ ಹಾಳೆಯನ್ನು ಮಾಂಸಕ್ಕೆ ತಾಗಿಸಿ ಹೊದಿಸುವುದು, ರಸ ಸುರಿಯುವುದು ಎರಡೂ ಇದೇ ಕೆಲಸ ಮಾಡುತ್ತವೆ. ದೊಡ್ಡ ಡಬ್ಬಿಯಲ್ಲಿ ಎರಡು ತುಂಡು ಇಟ್ಟು ಮುಚ್ಚಿದರೆ ಒಳಗಿರುವುದು ಬಹುತೇಕ ಗಾಳಿಯೇ. ಬೆಳ್ಳುಳ್ಳಿ, ಈರುಳ್ಳಿ, ಲವಂಗ, ರೋಸ್‌ಮೇರಿ ಮುಂತಾದವುಗಳಲ್ಲಿ ಈ ಕ್ರಿಯೆಯನ್ನು ತಡೆಯುವ ಗುಣವಿದೆ. ಆದ್ದರಿಂದ ಮಸಾಲೆಯನ್ನು ಮರುದಿನ ಬಿಸಿ ಮಾಡುವಾಗ ಹಾಕುವುದಕ್ಕಿಂತ ಎತ್ತಿಡುವ ರಾತ್ರಿಯೇ ರಸಕ್ಕೆ ಕಲಸಿ ಮಾಂಸಕ್ಕೆ ಬಳಿಯುವುದು ಮೇಲು. ಮರುದಿನ ಹಾಕಿದ ಮಸಾಲೆ ವಾಸನೆಯನ್ನು ಮುಚ್ಚುತ್ತದೆ, ಹಿಂದಿನ ರಾತ್ರಿ ಹಾಕಿದ್ದು ಅದನ್ನು ಹುಟ್ಟಲು ಬಿಡುವುದಿಲ್ಲ.

ಉಪ್ಪಿನಡಬ್ಬಿ

ಮೂಗುದಾರದವರೇ, ಇದು ನನಗೆ ಹೊಸ ವಿಷಯ. ಮಸಾಲೆಯನ್ನು ಮರುದಿನಕ್ಕೆ ಬಿಡುವುದೇ ವಾಡಿಕೆಯಾಗಿತ್ತು. ಒಂದು ಸೇರ್ಪಡೆ: ಎಳೆಎಳೆಯಾಗಿ ಬಿಡಿಸಿದ ಮಾಂಸ ಬೇಕೆಂದಿದ್ದರೆ ಬಿಡಿಸಿದ ತಕ್ಷಣ ಬಿಸಿ ರಸದಲ್ಲಿ ಕಲಸಿ. ಎಳೆಗಳ ನಡುವಿನ ಸಂದುಗಳಲ್ಲಿ ರಸ ನಿಲ್ಲುತ್ತದೆ. ತಣ್ಣಗಾದಾಗ ಜೆಲಾಟಿನ್ ಅಲ್ಲೇ ಹೆಪ್ಪುಗಟ್ಟಿ ಕೂರುತ್ತದೆ, ಮತ್ತೆ ಬಿಸಿ ಮಾಡಿದಾಗ ಅಲ್ಲಿಂದಲೇ ಕರಗುತ್ತದೆ.

ಹೊಸಗ್ಯಾಸ್

ನಡುವೆ ಒಂದು ಪ್ರಶ್ನೆ. ತೊಡೆಯ ಮೂಳೆಯ ಸುತ್ತ ಮಾಂಸ ಕೆಂಪಗೆ ಇರುತ್ತದೆ. ಅಂಗಡಿಯವರು ಸರಿಯಾಗಿ ಬೇಯಿಸಿಲ್ಲವೇ? ಹೆದರಿ ನಾನು ಅದನ್ನು ಮತ್ತೆ ಕುದಿಸುತ್ತೇನೆ.

ಅಳತೆಚಮಚ

ಬಣ್ಣದಿಂದ ತೀರ್ಮಾನಿಸಲು ಬರುವುದಿಲ್ಲ. ಎಳೆಯ ಕೋಳಿಗಳ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಬೇಯುವಾಗ ಮಜ್ಜೆಯ ಬಣ್ಣ ಹೊರಕ್ಕೆ ಒಸರಿ ಸುತ್ತಲಿನ ಮಾಂಸವನ್ನು ಕೆಂಪು ಮಾಡುತ್ತದೆ. ಒಳಗೆ 74 ಡಿಗ್ರಿ ಮುಟ್ಟಿದ್ದರೆ ಅದು ಬೆಂದಿದೆ. ತೊಡೆಯನ್ನು ಕುದಿಸಿದರೆ ನಷ್ಟವೇನಿಲ್ಲ, ಎದೆಯನ್ನು ಮಾತ್ರ ಅದರ ಜೊತೆಗೆ ಹಾಕಬೇಡಿ.

ಒಲೆಬದಿ

ಅಂಗಡಿಯಲ್ಲಿ ಆರಿಸುವುದರ ಬಗ್ಗೆಯೂ ಒಂದು ಮಾತು ಇರಲಿ. ಇಲ್ಲಿ ಹೇಳಿದ್ದನ್ನೆಲ್ಲ ಮಾಡಿದರೂ ತಂದದ್ದೇ ಒಣಗಿದ್ದರೆ ಯಾರೇನು ಮಾಡಲು ಸಾಧ್ಯ? ಡಬ್ಬಿಯ ಮೇಲೆ ಸಮಯ ಬರೆದಿದ್ದರೆ ಇತ್ತೀಚಿನದನ್ನೇ ಕೇಳಿ. ಇಲ್ಲವಾದರೆ ಎದೆಯ ಚರ್ಮ ನೋಡಿ. ಬಿಗಿಯಾಗಿ ಮಿನುಗುತ್ತಿದ್ದರೆ ಈಚಿನದು, ಸುಕ್ಕುಗಟ್ಟಿ ಮೂಳೆಗೆ ಅಂಟಿದ್ದರೆ ಬಹಳ ಹೊತ್ತು ಕಾದು ಕುಳಿತದ್ದು. ಒಂದೇ ಗಾತ್ರದ ಎರಡರಲ್ಲಿ ಕೈಗೆ ಭಾರವಾಗುವುದನ್ನು ತೆಗೆದುಕೊಳ್ಳಿ. ಡಬ್ಬಿ ಬರೀ ಬೆಚ್ಚಗಿದ್ದರೆ ಬೇಡ, ಮುಟ್ಟಿದರೆ ಸುಡುವಂತಿರಬೇಕು.

ರಾತ್ರಿಪಾಳಿ

ಕೊನೆಯದಾಗಿ ಇನ್ನೆರಡು. ಫ್ರೀಜರ್‌ನಲ್ಲಿ ಇಡಬಹುದೇ? ಮತ್ತು ಆ ಮೂಳೆ ರಸ ಎನ್ನುತ್ತಿದ್ದೀರಲ್ಲ, ಇದೇ ಕೋಳಿಯ ಮೂಳೆಯಿಂದ ಮಾಡಬಹುದೇ, ಅಥವಾ ಹಸಿ ಮೂಳೆಯೇ ಬೇಕೇ?

ಹಳೆಬಾಣಲೆ

ಇದೇ ಮೂಳೆ ಸಾಕು, ರೋಸ್ಟ್ ಆಗಿರುವುದರಿಂದ ಬಣ್ಣ ಪರಿಮಳ ಎರಡೂ ಹೆಚ್ಚು. ಬೆನ್ನು, ರೆಕ್ಕೆಯ ತುದಿ, ಕುತ್ತಿಗೆ ಇವುಗಳಲ್ಲಿ ಜೆಲಾಟಿನ್ ಆಗುವ ಅಂಶ ಹೆಚ್ಚು, ಅವನ್ನು ಎಸೆಯಬೇಡಿ. ಮುಳುಗುವಷ್ಟೇ ತಣ್ಣೀರು, ಒಂದು ಈರುಳ್ಳಿ, ಕೆಲವು ಮೆಣಸಿನ ಕಾಳು. ಉಪ್ಪು ಬೇಡ, ಮೂಳೆಗೆ ಅಂಟಿದ ಮಾಂಸದಲ್ಲಿ ಈಗಾಗಲೇ ಇದೆ. ಎರಡು ಮೂರು ಗಂಟೆ ಸಣ್ಣಗೆ ಕುದಿಯಲಿ. ಕೊತಕೊತ ಕುದಿಸಿದರೆ ಕೊಬ್ಬು ಒಡೆದು ರಸದಲ್ಲಿ ಬೆರೆತು ಮಬ್ಬಾಗುತ್ತದೆ. ಸೋಸಿದ ಮೇಲೆ ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿ ಕೂರಿಸಿ ಬೇಗ ಆರಿಸಿ ಫ್ರಿಜ್‌ಗೆ ಇಡಿ. ಮನೆಯಲ್ಲಿ ನಾಯಿ ಇದ್ದರೆ ಆ ಮೂಳೆ ಅದಕ್ಕೆ ಹಾಕಬೇಡಿ, ಬೆಂದ ಕೋಳಿ ಮೂಳೆ ಸೀಳಿ ಚೂಪಾಗಿ ಗಂಟಲಿಗೆ ಸಿಕ್ಕುತ್ತದೆ.

ಅಳತೆಚಮಚ

ಫ್ರೀಜರ್‌ನಲ್ಲಿ ಇಡಬಹುದು. ಸೊನ್ನೆಗಿಂತ ಕೆಳಗೆ 18 ಡಿಗ್ರಿಯಲ್ಲಿ ಕೆಡುವುದಿಲ್ಲ, ಆದರೆ ನಾಲ್ಕು ತಿಂಗಳು ದಾಟಿದರೆ ರುಚಿ ಇಳಿಯುತ್ತದೆ. ಒಣ ತುಂಡುಗಳನ್ನು ಹಾಗೆಯೇ ಇಡುವುದಕ್ಕಿಂತ ರಸದಲ್ಲಿ ಮುಳುಗಿಸಿ ಇಡುವುದು ಒಳ್ಳೆಯದು, ಗಾಳಿ ತಾಗಿ ಬೆಳ್ಳಗೆ ಒಣಗುವ ಕಲೆಗಳು ಬರುವುದಿಲ್ಲ. ಮಂಜು ಬಿಡಿಸುವುದು ಫ್ರಿಜ್‌ನೊಳಗೇ ಆಗಲಿ, ಹಿಂದಿನ ರಾತ್ರಿಯೇ ಕೆಳಗಿಳಿಸಿಡಿ.

ಗರಿಗರಿ

ಮೂಳೆ ರಸವನ್ನು ಐಸ್ ತಟ್ಟೆಯಲ್ಲಿ ಹಾಕಿ ಗಟ್ಟಿಮಾಡಿಕೊಳ್ಳಿ. ಒಂದು ತುಂಡು ಎಂದರೆ ಹೆಚ್ಚುಕಡಿಮೆ ಎರಡು ಚಮಚ, ಅಳತೆಚಮಚದವರ ಮೈಕ್ರೋವೇವ್ ತಟ್ಟೆಗೆ ಸರಿಯಾಗಿ ಅಷ್ಟೇ ಬೇಕಾದದ್ದು. ಕೆಲಸಕ್ಕೆ ಹೋಗುವಾಗ ಮಾಂಸದ ಡಬ್ಬಿಯಲ್ಲೇ ಒಂದು ತುಂಡು ಹಾಕಿಕೊಂಡು ಹೋಗಬಹುದು. ಡಬ್ಬಿ ಅಲ್ಲಿಯ ಫ್ರಿಜ್ ಸೇರಬೇಕು ಎಂಬುದು ಮಾತ್ರ ನೆನಪಿರಲಿ.

ಪಾತ್ರೆತೊಳೆಯುವವನು

ಬಾಣಲೆ ಒಂದು, ಚರ್ಮಕ್ಕೆ ಇನ್ನೊಂದು, ಡಬ್ಬಿ ಎರಡು, ಮೂಳೆಗೆ ಪಾತ್ರೆ, ಸೋಸಲು ಜರಡಿ, ಐಸ್ ತಟ್ಟೆ. ಮೇಲೆ ಕೊಟ್ಟ ಮಾತನ್ನು ವಾಪಸ್ ಪಡೆಯುತ್ತಿದ್ದೇನೆ.